ದ್ವೀಪದಿಂದ ಬಂದ ವರ

ಎಲ್ಲದಕ್ಕೂ ಮೂಲ ಗಂಗಮ್ಮನ ಸಂಕೋಚ. ಎಮ್ಮೆಸ್ಸಿ ಓದಿದ ಮಗ ಸುದರ್ಶನ ಬ್ಯಾಂಕು ಸೇರದೆ, ಅಂಡಮಾನಿನಾಚೆಯ ಯಾವುದೋ ದ್ವೀಪದಲ್ಲಿ ವರ್ಷವಿಡೀ ಹಕ್ಕಿ ನೋಡಲು ಹೋದನೆಂದು ತಾವಿದ್ದ ಠಾಕುರ್ಲಿಯ ಬಿಲ್ಡಿಂಗಿನವರಿಗೆ ಹೇಳುವುದು ಹೇಗೆ? "ಹೊರಗೆ ಹೋಗಿದ್ದಾನೆ" ಎಂದಷ್ಟೇ ಹೇಳಿದರು. ಎಲ್ಲಿಗೆ? ಮಾತು ತೇಲಿಸಿದರು. ಫೋನ್? "ಅಲ್ಲಿ ಇಲ್ಲ." ಚೌತಿಗಾದರೂ ಬರುತ್ತಾನಾ? "ಇಲ್ಲ." ನೀವು ನೋಡಲು ಹೋಗುವುದಿಲ್ಲವಾ? ಗಂಗಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟು ಸಾಕಾಯಿತು.

ವರ್ಷ ಕಳೆದು ಸುದರ್ಶನ ಬಂದಿಳಿದ. ಹೇನಿನ ಕಾಟಕ್ಕೆ ತಲೆ ಬೋಳು, ಮೈ ಸುಟ್ಟ ಹಲಸಿನ ಹಪ್ಪಳ. ಲಿಫ್ಟಿನಲ್ಲಿ ಯಾರಾದರೂ ಮಾತಾಡಿಸಿದರೆ ಬೆಚ್ಚಿಬೀಳುತ್ತಿದ್ದ. ಇನ್ನೇನು ಸಾಕ್ಷಿ ಬೇಕು? ಹುಡುಗ ಜೈಲಿನಲ್ಲಿದ್ದು ಬಂದಿದ್ದಾನೆ! ಆದರೆ ಬಿಲ್ಡಿಂಗಿನವರು ಒಳ್ಳೆಯ ಮನಸ್ಸಿನವರು. ಹೊರಗಿನವರ ಕಿವಿಗೆ ಇದು ಬೀಳಬಾರದೆಂದು ತಮ್ಮತಮ್ಮಲ್ಲೇ ಪಣ ತೊಟ್ಟರು.

ಒಂದು ಭಾನುವಾರ ವಾಶಿಯಿಂದ ತಾರಾನಾಥರಾಯರು ಹುಡುಗನನ್ನು ನೋಡಲು ಬರುವವರಿದ್ದರು. ಹೋಟೆಲಿನ ಧಣಿ, ಅಕ್ಷಯಾಳ ತಂದೆ. ಹಿಂದೊಮ್ಮೆ ಸಮುದ್ರದ ಹಿನ್ನೀರಿನ ಖಾಡಿಯ ದಂಡೆಯಲ್ಲಿ ಅವಳಿಗೆ ಫ್ಲೆಮಿಂಗೋ ಹಕ್ಕಿ ತೋರಿಸಿದ ದಿನದಿಂದ ಸುದರ್ಶನನ ಜೀವ ಅವಳಲ್ಲೇ ಇತ್ತು. ಅವಳೂ ಒಪ್ಪಿದ್ದಳು. ಅಪ್ಪ ಹೂಂ ಅನ್ನುವುದೊಂದೇ ಬಾಕಿ.

ನಮ್ಮವರ ಕ್ರಮದಂತೆ ರಾಯರು ನೆಟ್ಟಗೆ ಮನೆಗೆ ಬರಲಿಲ್ಲ. ಮುಂಚಿತವಾಗಿ ಬಂದು ನೆರೆಕರೆಯಲ್ಲಿ ವಿಚಾರಿಸತೊಡಗಿದರು. ಕೆಳಮನೆಯ ಜಯಲತಕ್ಕ ಮೊದಲು ಸಿಕ್ಕರು.

"ಹುಡುಗ ಒಂದು ವರ್ಷ ಇಲ್ಲಿರಲಿಲ್ಲವಂತೆ, ಹೌದಾ?"

ಜಯಲತಕ್ಕ ಗಡಿಬಿಡಿಯಲ್ಲಿ ಬಾಯಿಗೆ ಬಂದದ್ದು ಹೇಳಿದರು. "ಅಯ್ಯೋ, ದುಬೈಯಲ್ಲಿದ್ದ ಮಾರಾಯ್ರೆ! ದೊಡ್ಡ ಹೋಟೆಲಲ್ಲಿ!"

ಅಷ್ಟರಲ್ಲಿ ಸೊಸೈಟಿಯ ಸೆಕ್ರೆಟರಿ, ಕಲಬುರಗಿಯ ಅಂಬಾರಾಯ ಬಂದ. "ದುಬೈ? ಯಾರ್ ಹೇಳಿದ್ರಿ? ಭಿವಂಡಿ ಗೋದಾಮಿನ್ಯಾಗ ನೈಟ್ ಡ್ಯೂಟಿ ಇತ್ರೀ. ಹಗಲೆಲ್ಲ ಮಲಗತಿದ್ದ, ಅದಕ್ಕ ಯಾರಿಗೂ ಕಂಡಿಲ್ಲ."

ರಾಯರ ಹುಬ್ಬು ಬಿಲ್ಲಿನಂತೆ ಬಾಗಿತು. ಮೇಲೆ ಗಂಗಮ್ಮನ ಮನೆಗೆ ಹತ್ತಿದರು. ತಪ್ಪು ಸರಿಮಾಡಲು ಇಬ್ಬರೂ ಹಿಂದೆಯೇ ಹತ್ತಿದರು.

"ದುಬೈಯೋ, ಭಿವಂಡಿಯೋ?" ರಾಯರು ಕೂರುವ ಮೊದಲೇ ಕೇಳಿದರು.

ಸುದರ್ಶನ ಕಕ್ಕಾಬಿಕ್ಕಿಯಾದ. "ಎರಡೂ ಅಲ್ಲ. ಅಂಡಮಾನಿನ ಆಚೆ. ಅಲ್ಲೊಂದು ಹಕ್ಕಿ ಉಂಟು, ಗುಡ್ಡೆ ಮಾಡಿ ಅದರಲ್ಲಿ ಮೊಟ್ಟೆ ಹೂಳ್ತದೆ. ಅದನ್ನು ನೋಡಲಿಕ್ಕೆ..."

"ಅಂಡಮಾನ್ ಯಾಕ್ ಅಂದ್ಯೋ ತಮ್ಮಾ!" ಅಂಬಾರಾಯ ಹಣೆ ಬಡಿದುಕೊಂಡ. ಅಲ್ಲಿಗೆ ಹಿಂದೆ ಯಾರನ್ನು ಸಾಗಿಸುತ್ತಿದ್ದರೆಂದು ಯಾರಿಗೆ ಗೊತ್ತಿಲ್ಲ? ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ರಾಯರನ್ನು ಬಾಲ್ಕನಿಗೆ ಎಳೆದೊಯ್ದು ಹೇಳಿಯೇಬಿಟ್ಟ. "ಖರೆ ಹೇಳ್ತೀನ್ರಿ, ಜೈಲಿನ್ಯಾಗ ಇದ್ದ. ಆದ್ರ ಹುಡುಗ ಬಂಗಾರ. ಯಾರದೋ ತಪ್ಪು ತಲಿಮ್ಯಾಲೆ ಹೊತ್ಕೊಂಡಿರಬೇಕು."

ಕಿಟಕಿಯಿಂದ ಅದನ್ನು ಕೇಳಿದ ಗಂಗಮ್ಮ ಕಾಫಿ ಲೋಟ ಕೆಳಗಿಟ್ಟು ಬಾಗಿಲಿಗೆ ಧಾವಿಸಿದರು. ಆದರೆ ಒಳಗೆ ಬಂದ ರಾಯರ ಮುಖ ಅರಳಿತ್ತು!

"ಮೊದಲೇ ಹೇಳಬಾರದಾ? ನನ್ನ ತಂಗಿಯ ಗಂಡ ಹೀಗೇ ತನ್ನ ಧಣಿಯ ತಪ್ಪು ಹೊತ್ತು ಒಳಗೆ ಕೂತು ಬಂದವ. ಬಂದ ಮೇಲೆ ಹಾಲು ತರಲಿಕ್ಕೂ ಮನೆ ಬಿಟ್ಟು ಕದಲುವುದಿಲ್ಲ. ತಂಗಿ ಸುಖವಾಗಿದ್ದಾಳೆ. ನನಗೆ ಒಪ್ಪಿಗೆ."

ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸುದರ್ಶನನಿಗೆ ಮಾನ ಅಡ್ಡ ಬಂತು. "ಜೈಲಾ? ಇಲ್ಲಿ ನೋಡಿ!" ಎಂದು ಮೊಬೈಲ್ ಹಿಡಿದ. ವಿಡಿಯೋದಲ್ಲಿ ಅವನೇ, ಮೈಯೆಲ್ಲ ಕೆಸರು, ಎಲೆಮಣ್ಣಿನ ಗುಡ್ಡೆಯ ಪಕ್ಕ ಬೋರಲು ಮಲಗಿ ಕಾಯುತ್ತಿದ್ದಾನೆ. ಹಿಂದೆ ಸಮುದ್ರ. ದೂರದಲ್ಲಿ ಕೋಳಿಯಂಥದೊಂದು ಹಕ್ಕಿ ಕೆದಕುತ್ತಿದೆ. ಜಯಲತಕ್ಕ ಆನಂದಬಾಷ್ಪ ಸುರಿಸಿದರು. "ದೇವರು ದೊಡ್ಡವ! ನಮ್ಮ ಹುಡುಗ ಕಳಂಕ ಇಲ್ಲದವ!"

ರಾಯರು ಮಾತ್ರ ಮತ್ತೆ ಮತ್ತೆ ನೋಡಿದರು. "ಯಾರೂ ಹಿಡಿದು ಕಳಿಸಿದ್ದಲ್ಲವಾ?"

"ಅಲ್ಲ. ನಾನೇ ಕೇಳಿಕೊಂಡು ಹೋದದ್ದು. ತುಂಬ ಸ್ಪರ್ಧೆ ಇತ್ತು," ಎಂದ ಸುದರ್ಶನ ಹೆಮ್ಮೆಯಿಂದ.

"ಮತ್ತೆ ಕರೆದರೆ?"

"ಆ ಭಾಗ್ಯ ಯಾರಿಗುಂಟು! ಆ ದಿನವೇ ಹೊರಟೆ!"

ರಾಯರು ಎದ್ದು ಚಪ್ಪಲಿ ಮೆಟ್ಟಿದರು. "ಗಂಗಮ್ಮ, ತಪ್ಪು ತಿಳಿಯಬೇಡಿ. ಜೈಲಿಗೆ ಹೋದವನಿಗಾದರೆ ಮಗಳನ್ನು ಕೊಡಬಹುದು, ಅವನನ್ನು ಹಿಡಿದುಕೊಂಡು ಹೋಗಿರ್ತಾರೆ. ಕೆಸರಲ್ಲಿ ಹೊರಳಲಿಕ್ಕೆ ತಾನೇ ಓಡುವವನಿಗೆ ಹೇಗೆ ಕೊಡುವುದು?"

ಲಿಫ್ಟಿನ ಬಾಗಿಲು ಮುಚ್ಚಿತು. ಅಂಬಾರಾಯ ಸುದರ್ಶನನ ಬೋಳುತಲೆ ಸವರುತ್ತ ನಿಟ್ಟುಸಿರಿಟ್ಟ.

"ನಿನ್ನ ಸಲುವಾಗಿ ಇಡೀ ಬಿಲ್ಡಿಂಗ್ ಇಷ್ಟ್ ದಿನ ಬಾಯಿ ಮುಚ್ಚಿಕೊಂಡಿತ್ತಲ್ಲೋ ತಮ್ಮಾ. ಒಂದು ತಾಸು ನಿನಗ ಆಗಲಿಲ್ಲೇನು?"