ಸರ್ಕಾರ ಉಳಿಸಿದ ನಿರಂಜನ ಮೇಷ್ಟ್ರು

ನಿರಂಜನ ಮೇಷ್ಟ್ರ ರಜೆ ಅರ್ಜಿ ಮಂಜೂರಾಗಿ ಬಂತು ನಿಜ. ಆದರೆ ಅದರ ಬುಡದಲ್ಲಿ ಚುನಾವಣಾ ಶಾಖೆಯ ತಹಶೀಲ್ದಾರರು ಹಸಿರು ಶಾಯಿಯಲ್ಲಿ ಒಂದು ಸಾಲು ಹೆಚ್ಚಿಗೆ ಬರೆದಿದ್ದರು: 'ಈ ಅವಧಿಯಲ್ಲಿ ಯಾವುದೇ ಚುನಾವಣೆ ಬಾರದಿದ್ದಲ್ಲಿ ಮಾತ್ರ.' ಆ ಒಂದು ಸಾಲಿನಿಂದ ಮೇಷ್ಟ್ರು ಶುಕ್ರವಾರ ಬೆಳಿಗ್ಗೆ ಏನೇನು ಮಾಡಬೇಕಾಯಿತು ಎಂದು ತಹಶೀಲ್ದಾರರಿಗೆ ಇವತ್ತಿಗೂ ಗೊತ್ತಿಲ್ಲ.

ಮೇಷ್ಟ್ರು ಅಮೃತಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವರು, ಮನೆ ಜಕ್ಕೂರು ಹಳ್ಳಿಯ ಹಳೇ ಬೀದಿಯಲ್ಲಿ. ಎಂದೋ ಒಮ್ಮೆ ಇನ್ನೂರು ಜನ ಸಿಬ್ಬಂದಿಗೆ ಮತಯಂತ್ರ ನಡೆಸುವುದನ್ನು ಒಬ್ಬರೂ ತೂಕಡಿಸದ ಹಾಗೆ ವಿವರಿಸಿಬಿಟ್ಟಿದ್ದರು. ಅದೇ ಅವರು ಮಾಡಿದ ತಪ್ಪು. ಅಂದಿನಿಂದ ಅವರಿಲ್ಲದೆ ಆ ಕಡೆ ಯಾವ ಚುನಾವಣೆಯೂ ನಡೆಯಲಿಲ್ಲ. ಹೆಂಡತಿ ವೇದವತಿಯನ್ನು ಕೇದಾರಕ್ಕೆ ಕರೆದುಕೊಂಡು ಹೋಗಬೇಕೆಂದು ಮೂರು ಸಲ ಟಿಕೆಟ್ ಮಾಡಿಸಿದರು. ಒಮ್ಮೆ ಲೋಕಸಭೆ ಅಡ್ಡ ಬಂತು, ಒಮ್ಮೆ ವಿಧಾನಸಭೆ. ಮೂರನೆಯ ಸಲ ಪದವೀಧರ ಕ್ಷೇತ್ರ. ಅದಕ್ಕೆ ಮತಯಂತ್ರವೇ ಬೇಡ, ಕಾಗದದ ಓಟು. ಆದರೂ ಮೇಷ್ಟ್ರು ಬೇಕೇ ಬೇಕು ಅಂದರು.

ಈ ಸಲ ಮುಂದಕ್ಕೆ ಹಾಕುವ ಹಾಗಿರಲಿಲ್ಲ. ವೇದವತಿಯ ಮಂಡಿ ನೋಡಿದ ಡಾಕ್ಟರು, "ಬೆಟ್ಟ ಹತ್ತೋದಾದ್ರೆ ಈ ವರ್ಷ ಹತ್ತಿಬಿಡಿ ಅಮ್ಮಾ. ಮುಂದಿನ ವರ್ಷ ಆಗಲ್ಲ," ಎಂದು ಮುಖಕ್ಕೆ ಹೇಳಿದ್ದರು. ಆಕೆ ಆರು ತಿಂಗಳಿಂದ ದಿನಾ ಬೆಳಿಗ್ಗೆ ಕೆರೆ ಸುತ್ತ ನಡೆದು ಕಾಲು ಪಳಗಿಸುತ್ತಿದ್ದರು. ಭಾನುವಾರ ಸಂಜೆ ಯಶವಂತಪುರದಿಂದ ರೈಲು. ಸ್ವೆಟರು, ಮಂಕಿ ಟೋಪಿ, ಚಟ್ನಿಪುಡಿ ಎಲ್ಲ ಸೂಟ್‌ಕೇಸು ಸೇರಿದ್ದವು. "ಈ ಸಲಾನೂ ಏನಾದ್ರೂ ಆಯ್ತೋ, ಇನ್ನು ಈ ಜನ್ಮದಲ್ಲಿ ನಾನು ನಿಮ್ಮನ್ನ ಏನೂ ಕೇಳಲ್ಲ," ಅಂದಿದ್ದರು. ಆಕೆ ಕೂಗಾಡಿದ್ದರೆ ಮೇಷ್ಟ್ರಿಗೆ ಅಷ್ಟು ಭಯವಾಗುತ್ತಿರಲಿಲ್ಲ. ಮೆತ್ತಗೆ ಹೇಳಿದ್ದರು.

ಇತ್ತ ದೆಹಲಿಯ ಸರ್ಕಾರಕ್ಕೆ ಬಹುಮತವಿರಲಿಲ್ಲ. ಹದಿನಾರು ತಿಂಗಳಿಂದ ಅದು ಮುರುಕು ಮಂಚದ ಮೇಲೆ ಮಲಗಿದವನಂತೆ ಮಗ್ಗುಲಾಗಲೂ ಹೆದರುತ್ತ ಕಾಲ ನೂಕುತ್ತಿತ್ತು. ಶುಕ್ರವಾರ ಸಂಜೆ ಐದು ಗಂಟೆಗೆ ಅವಿಶ್ವಾಸದ ಓಟು. ಸರ್ಕಾರ ಬಿದ್ದರೆ ದೇಶಕ್ಕೆಲ್ಲ ಚುನಾವಣೆ. ಪೇಪರಿನ ಅಂಚಿನಲ್ಲಿ ಮೇಷ್ಟ್ರು ಲೆಕ್ಕ ಹಾಕಿದರು: ವಿರೋಧದವರು ಇನ್ನೂರ ಎಪ್ಪತ್ತು, ಸರ್ಕಾರದವರು ಇನ್ನೂರ ಅರವತ್ತೊಂಬತ್ತು. ಒಬ್ಬ ತಪ್ಪಿದರೆ ಸರಿಸಮ. ಸರಿಸಮವಾದರೆ ಸಭಾಧ್ಯಕ್ಷರು ಓಟು ಹಾಕುತ್ತಾರೆ, ಸಭಾಧ್ಯಕ್ಷರು ಸರ್ಕಾರದ ಪೈಕಿ.

ಕಳೆಯಬೇಕಾದದ್ದು ಒಂದೇ ಒಂದು. ಆ ಇನ್ನೂರ ಎಪ್ಪತ್ತರಲ್ಲಿ ಒಬ್ಬರು ಸಂಸದ ಪಿಳ್ಳಪ್ಪನವರು, ಮೇಷ್ಟ್ರ ಮನೆಯಿಂದ ನಾಲ್ಕನೇ ಮನೆ.

ಪಿಳ್ಳಪ್ಪನವರು ತಾಯಿ ಮರಿಯಮ್ಮನ ಕಣ್ಣಿನ ಆಪರೇಷನ್ ಆಯಿತೆಂದು ಗುರುವಾರ ಊರಿಗೆ ಬಂದಿದ್ದರು. ಅವರನ್ನು ಹಿಡಿದು ವಾಪಸು ಕರೆದುಕೊಂಡು ಬರಲೆಂದೇ ಪಕ್ಷದವರು ಉಮೇಶ್ ಎಂಬ ಚುರುಕು ಆಸಾಮಿಯನ್ನು ಬೆನ್ನಿಗೆ ಕಳಿಸಿದ್ದರು. ವಿಮಾನ ಹನ್ನೆರಡೂ ಮುಕ್ಕಾಲಿಗೆ. ಮುಂದಿನದು ಹತ್ತಿದರೆ ಓಟಿನ ಹೊತ್ತಿಗೆ ಮುಟ್ಟುವುದಿಲ್ಲ. ಮನೆಯಿಂದ ಹತ್ತು ಗಂಟೆಗೆ ಹೊರಡುವುದೆಂದು ನಿಶ್ಚಯ, ಏಕೆಂದರೆ ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ. ರಾಹುಕಾಲದಲ್ಲಿ ಮರಿಯಮ್ಮ ಮಗನನ್ನು ಹೊಸಿಲು ದಾಟಿಸುವವರಲ್ಲ. ನಾಮಪತ್ರ ಹಾಕಿದ ದಿನವೂ ದಾಟಿಸಿರಲಿಲ್ಲ.

ಅಂದರೆ ಮೇಷ್ಟ್ರು ಅರ್ಧ ಗಂಟೆ ತಡೆದರೆ ಸಾಕು, ಉಳಿದದ್ದನ್ನು ರಾಹು ನೋಡಿಕೊಳ್ಳುತ್ತಾನೆ.

ಶಾಲೆಗೆ ಅರ್ಧ ದಿನ ರಜೆ ಹೇಳಿ, ಮರಿಯಮ್ಮನ ವೋಟರ್ ಐಡಿ ತಿದ್ದುಪಡಿಯ ಅರ್ಜಿಯೊಂದನ್ನು ನೆಪಕ್ಕೆ ಹಿಡಿದು, ಒಂಬತ್ತೂ ಮುಕ್ಕಾಲಿಗೆ ಅವರು ಪಿಳ್ಳಪ್ಪನವರ ಜಗಲಿಯಲ್ಲಿದ್ದರು. 'ಒಂದೊಂದು ಓಟೂ ಅಮೂಲ್ಯ' ಎಂದು ಊರಿಗೆಲ್ಲ ಹೇಳಿಕೊಟ್ಟವರು ಈಗ ಒಂದು ಓಟಿಗೆ ಅಡ್ಡಗಾಲು ಹಾಕಲು ಬಂದು ಕೂತಿದ್ದರು. ನಾಚಿಕೆಯೂ ಆಯಿತು. ಆದರೆ ವೇದವತಿಯ ಮಂಡಿ ನೆನಪಾದ ಕೂಡಲೇ ನಾಚಿಕೆ ಹಿಂದೆ ಸರಿಯಿತು.

ಹತ್ತು ಗಂಟೆಗೆ ಸರಿಯಾಗಿ ಪಿಳ್ಳಪ್ಪನವರು ಬಿಳಿ ಪಂಚೆ, ಬಿಳಿ ಷರ್ಟಿನಲ್ಲಿ ತಾಯಿಯ ಕಾಲಿಗೆ ಬಿದ್ದು ಎದ್ದರು. ಬಲಗಾಲು ಹೊಸಿಲಿನ ಮೇಲೆ ಬಂತು.

"ಏನ್ ಸಾರ್, ಎಲ್ಲಿಗೆ ಹೊರಟ್ರಿ?" ಅಂದರು ಮೇಷ್ಟ್ರು.

ಹೊರಟವರನ್ನು ಎಲ್ಲಿಗೆಂದು ಕೇಳಬಾರದೆಂಬುದು ಚಿಕ್ಕ ಮಕ್ಕಳಿಗೂ ಗೊತ್ತು. ಆಪರೇಷನ್ನಿನ ಕಪ್ಪು ಕನ್ನಡಕ ಹಾಕಿಕೊಂಡಿದ್ದ ಮರಿಯಮ್ಮ ಮಾತು ಬಂದ ದಿಕ್ಕಿಗೆ ತಿರುಗಿದರು.

"ಯಾವನ್ಲಾ ಅದು, ಎಲ್ಲಿಗೆ ಅಂದೋನು? ಓದಿರೋ ಮೇಷ್ಟ್ರಾ? ಥೂ, ಇಂಗೂ ಉಂಟಾ! ಒಳೀಕ್ ಬಾ ಪಿಳ್ಳಾ. ಕುಂತ್ಕೊಂಡು ನೀರು ಕುಡ್ದು ಆಮೇಲ್ ಓಗು."

"ಅಮ್ಮಾ, ಫ್ಲೈಟ್ ಇದೆ. ಟೈಮ್ ಇಲ್ಲ," ಅಂದ ಉಮೇಶ್.

"ನಿನ್ ಫ್ಲೈಟು ನನ್ ಮಗನಿಗಿಂತ ಎಚ್ಚಾ?"

ಪಿಳ್ಳಪ್ಪನವರು ಒಳಗೆ ಹೋಗಿ ಕೂತರು, ನೀರು ಕುಡಿದರು. ಮೇಷ್ಟ್ರು ಕೈ ಮುಗಿದು ಕ್ಷಮೆ ಕೇಳುತ್ತಲೇ ಗೋಡೆ ಗಡಿಯಾರ ನೋಡಿದರು. ಹತ್ತೂ ಏಳು.

ಎರಡನೆಯ ಸಲಕ್ಕೆ ಮೇಷ್ಟ್ರು ಒಂಟಿ ಸೀನನ್ನು ನೆಚ್ಚಿಕೊಂಡಿದ್ದರು. ಬೇಡವಾದಾಗ ಪಾಠದ ನಡುವೆ ಹತ್ತು ಸಲ ಬರುವ ಸೀನಿನ ಸುಳಿವೇ ಈಗ ಇಲ್ಲ. ಮರಿಯಮ್ಮನ ಅರ್ಜಿಯ ಮೂಲೆಯನ್ನು ಸುರುಳಿ ಸುತ್ತಿ ಮೂಗಿನೊಳಗೆ ತಿರುವಿದರು. ಪಿಳ್ಳಪ್ಪನವರ ಕಾಲು ಮತ್ತೆ ಹೊಸಿಲಿಗೆ ಬಂತು. ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು, ಮುಖ ಕೆಂಪಗಾಯಿತು.

"ಆಕ್ಷೀ!"

ಪಿಳ್ಳಪ್ಪನವರು ಕಾಲು ಹಿಂದಕ್ಕೆ ಎಳೆದುಕೊಂಡರು. ಅಷ್ಟರಲ್ಲಿ ಗೇಟಿನ ಹತ್ತಿರದಿಂದ ಇನ್ನೊಂದು "ಆಕ್ಷೀ!" ಕೇಳಿಸಿತು.

ಶಾಮಿಯಾನ ವಿಜಯ್ ಕುಮಾರ್! ಕುರ್ಚಿ, ಶಾಮಿಯಾನ ಬಾಡಿಗೆಗೆ ಕೊಡುವ ಎದುರು ಮನೆಯವರು. ಚುನಾವಣೆ ಬಂತೆಂದರೆ ಅವರ ಒಂದು ಕುರ್ಚಿಯೂ ಮನೆಯಲ್ಲಿರುವುದಿಲ್ಲ. ಸರ್ಕಾರ ಬೀಳಲೆಂದು ಅವರು ಬೆಳಿಗ್ಗೆಯೇ ಈಡುಗಾಯಿ ಒಡೆದು ಬಂದಿದ್ದರು.

"ಜೋಡಿ ಸೀನು ಅಜ್ಜೀ! ಜೋಡಿ ಸೀನು ಶುಭ. ನೀವು ಹೊರಡಿ ಸಾರ್!"

"ಎರಡೂ ಒಂದೇ ಮೂಗಿಂದ ಬಂದ್ರೆ ಜೋಡಿ ಕಣ್ರೀ," ಅಂದರು ಮೇಷ್ಟ್ರು. "ನಂದು ಒಂಟಿ, ನಿಮ್ದು ಒಂಟಿ. ಎರಡು ಒಂಟಿ ಆಯ್ತು."

"ಯಾವ ಪಂಚಾಂಗದಲ್ಲಿದೆ ಮೇಷ್ಟ್ರೇ? ಸೀನು ಅಂದ್ರೆ ಸೀನು. ಕಿವಿಗೆ ಎರಡು ಬಿತ್ತೋ ಇಲ್ವೋ?"

"ಮೈನಸ್ಸೂ ಮೈನಸ್ಸೂ ಕೂಡಿದ್ರೆ ಇನ್ನೂ ಮೈನಸ್ಸೇ."

"ಗುಣಿಸಿದ್ರೆ ಪ್ಲಸ್ಸು! ನೀವೇ ನನ್ ಮಗಳಿಗೆ ಹೇಳ್ಕೊಟ್ಟಿದ್ದು!"

ಸೀನನ್ನು ಕೂಡಬೇಕೋ ಗುಣಿಸಬೇಕೋ ಎಂದು ಇಬ್ಬರೂ ದನಿ ಏರಿಸಿದರು. ಉಮೇಶ್ ತಲೆ ತಲೆ ಚಚ್ಚಿಕೊಂಡ. ಕೊನೆಗೆ ಮರಿಯಮ್ಮ ಪಕ್ಕದ ಬೀದಿಯ ಜೋಯಿಸರಿಗೆ ಫೋನು ಮಾಡಿಸಿದರು. ಜೋಯಿಸರು ಸ್ನಾನದಲ್ಲಿದ್ದರು. ಹೊರಗೆ ಬಂದು, ತಲೆ ಒರೆಸಿಕೊಂಡು, ಜೋಡಿಯೇ ಸರಿ ಎಂದು ತೀರ್ಪು ಕೊಟ್ಟರು. ವಿಜಯ್ ಕುಮಾರ್ ತೊಡೆ ತಟ್ಟಿದರು. ಅವರ ಗೆಲುವಿಗೆ ಹದಿಮೂರು ನಿಮಿಷ ಹಿಡಿದಿದ್ದನ್ನು ಮೇಷ್ಟ್ರೊಬ್ಬರೇ ಗಮನಿಸಿದ್ದು.

ಹತ್ತೂ ಇಪ್ಪತ್ತು. ಪಿಳ್ಳಪ್ಪನವರು ಹೊಸಿಲು ದಾಟೇಬಿಟ್ಟರು. ಕಾರು ಹೊರಟಿತು, ಇಪ್ಪತ್ತು ಅಡಿ ಹೋಗಿ ನಿಂತಿತು. ಬೀದಿಯ ಬಾಯಿಗೆ ಅಡ್ಡಲಾಗಿ ವಿಜಯ್ ಕುಮಾರರದೇ ಟೆಂಪೋ ನಿಂತಿತ್ತು. ಕುರ್ಚಿಗಳನ್ನು ಚುನಾವಣೆಗೆಂದು ಈಗಲೇ ತೊಳೆಸಿ ತಂದಿದ್ದರು.

"ತೆಗೀರಿ ಗುರೂ ಅದನ್ನ!" ಉಮೇಶ್ ಅರಚಿದ.

ವಿಜಯ್ ಕುಮಾರ್ ಓಡಿದರು. ಕೀಲಿ ಡ್ರೈವರ್ ಹತ್ತಿರ, ಡ್ರೈವರ್ ಇಡ್ಲಿ ತಿನ್ನಲು ಮೈನ್ ರೋಡಿಗೆ. ಗೇರಿನಲ್ಲಿ ನಿಂತ ಗಾಡಿ ತಳ್ಳಿದರೂ ಜಗ್ಗಲಿಲ್ಲ. ಮೇಷ್ಟ್ರೂ ಭುಜ ಕೊಟ್ಟು ತಳ್ಳಿದರು, ಎಲ್ಲರೂ ಮುಂದಕ್ಕೆ ತಳ್ಳುವಾಗ ಇವರು ಹಿಂದಕ್ಕೆ. ಹತ್ತೂ ಇಪ್ಪತ್ತಾರು.

"ಸ್ಕೂಟರ್ ಯಾರ್ ಹತ್ರ ಇದೆ?" ಉಮೇಶ್ ಸುತ್ತ ನೋಡಿದ. "ನಡೆದ್ರೆ ಟೈಮಾಗುತ್ತೆ, ಟೆಂಪೋ ಪಕ್ಕದಲ್ಲಿ ಸ್ಕೂಟರ್ ನುಗ್ಗುತ್ತೆ. ಮೈನ್ ರೋಡಲ್ಲಿ ಕ್ಯಾಬ್ ಹಿಡಿತೀನಿ."

"ಮೇಷ್ಟ್ರ ಹತ್ರ ಇದೆ!" ಅಂದರು ವಿಜಯ್ ಕುಮಾರ್.

ಬೀದಿಯವರೆಲ್ಲ ಮೇಷ್ಟ್ರನ್ನೇ ನೋಡಿದರು. ಇಲ್ಲ ಅನ್ನಲು ಬಾಯಿ ಬರಲಿಲ್ಲ. ಹತ್ತು ಒದೆ ತಿನ್ನದೆ ಎಂದೂ ಏಳದ ಆ ಹಳೇ ಸ್ಕೂಟರು ಅವತ್ತು ಮೊದಲನೇ ಒದೆಗೇ ಗುಡುಗಿತು. ಮೇಷ್ಟ್ರಿಗೆ ಅಳು ಬಂತು. ಮರಿಯಮ್ಮ ಹಿಂದೆ ಗೇಟು ಹಿಡಿದು ನಿಂತು, "ಬೇಗ ಓಗ್ರಪ್ಪಾ, ಇನ್ನೆರಡು ನಿಮಿಷದಾಗೆ ಕೆಟ್ಟೊತ್ತು ಬತ್ತದೆ," ಅನ್ನುತ್ತಿದ್ದರು. ಪಿಳ್ಳಪ್ಪನವರು ಪಂಚೆ ಎತ್ತಿ ಹಿಂದೆ ಕೂತರು. ಸೂಟ್‌ಕೇಸಿನೊಳಗಿನ ಸ್ವೆಟರುಗಳನ್ನು ನೆನೆಯುತ್ತ ಮೇಷ್ಟ್ರು ಕ್ಲಚ್ ಬಿಟ್ಟರು.

ಆಗ ಟೆಂಪೋ ಸಂದಿಯಿಂದ ತೂರಿಕೊಂಡು, ಕೆರೆ ಸುತ್ತಿ ಬೆವತು ಬಂದ ವೇದವತಿ ಎದುರಾದರು. ಶಾಲೆಯಲ್ಲಿರಬೇಕಾದ ಗಂಡ ಎಂಪಿಯನ್ನು ಹಿಂದೆ ಕೂರಿಸಿಕೊಂಡು ಬರುತ್ತಿರುವುದನ್ನು ನೋಡಿ ಆಕೆ ಕಣ್ಣರಳಿಸಿದರು.

"ಏನ್ರೀ ಇದು, ಇಬ್ರೂ ಎಲ್ಲಿಗೆ ಹೊರಟ್ರಿ?"

ಮೇಷ್ಟ್ರು ಬ್ರೇಕ್ ಹಾಕಿದ ರಭಸಕ್ಕೆ ಪಿಳ್ಳಪ್ಪನವರು ಅವರ ಬೆನ್ನಿಗೆ ಅಂಟಿಕೊಂಡರು.

"ಇಳೀಲಾ ಪಿಳ್ಳಾ!" ಹಿಂದಿನಿಂದ ಮರಿಯಮ್ಮನ ದನಿ. "ಒಳೀಕ್ ಬಾ!"

ಕೂತು, ನೀರು ಕುಡಿದು, ಎದ್ದಾಗ ಹತ್ತೂ ಮೂವತ್ತೊಂದು. ಮರಿಯಮ್ಮ ಬಾಗಿಲಿಗೆ ಅಗುಳಿ ಹಾಕಿ ಅಲ್ಲೇ ಕಾಲು ಚಾಚಿ ಕೂತರು. ಉಮೇಶ್ ದೆಹಲಿಗೆ ಫೋನು ಮಾಡಿ ರಾಹುಕಾಲ ಎಂದರೇನೆಂದು ಹಿಂದಿಯಲ್ಲಿ ವಿವರಿಸಲು ಹೆಣಗಿದ. ಆ ಕಡೆಯವರು ಬೈದದ್ದು ಬೀದಿಗೆಲ್ಲ ಕೇಳಿಸಿತು. ಹನ್ನೆರಡೂ ಮುಕ್ಕಾಲಿಗೆ ಬೀದಿಯ ಮೇಲೆ ಒಂದು ವಿಮಾನ ಹಾರಿಹೋಯಿತು. ಮೇಷ್ಟ್ರು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದು ಶಾಲೆಗೆ ಹೋದರು.

ಸಂಜೆ ಟಿವಿಯ ಮುಂದೆ ಗಂಡ ಹೆಂಡತಿ ಕೂತರು. ಇನ್ನೂರ ಅರವತ್ತೊಂಬತ್ತು, ಇನ್ನೂರ ಅರವತ್ತೊಂಬತ್ತು. ಸಭಾಧ್ಯಕ್ಷರು ಕನ್ನಡಕ ಸರಿಮಾಡಿಕೊಂಡು ಸರ್ಕಾರದ ಕಡೆ ಓಟು ಹಾಕಿದರು. ಮೇಷ್ಟ್ರು ಕುರ್ಚಿಯಿಂದ ಎಗರಿದರು.

"ವೇದಾ, ಕೇದಾರ ಗಟ್ಟಿ! ಸರ್ಕಾರ ಉಳಿಸಿದ್ದು ಯಾರು ಗೊತ್ತಾ? ನಾನು! ಅಲ್ಲಲ್ಲ, ನೀನು!"

ಬೆಳಗಿನ ಕತೆ ಕೇಳಿ ವೇದವತಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನನಗೋಸ್ಕರ ಇಷ್ಟೆಲ್ಲಾ ಮಾಡಿದ್ರಾ?" ಅಂದರು. ಮದುವೆಯಾಗಿ ಇಪ್ಪತ್ತೇಳು ವರ್ಷದಲ್ಲಿ ಮೇಷ್ಟ್ರಿಗೆ ಅಂಥ ನೋಟ ಸಿಕ್ಕಿರಲಿಲ್ಲ. ಸಂತೋಷಕ್ಕೆ ಅವರೇ ಅಡುಗೆಮನೆಗೆ ಹೋಗಿ ಕಾಫಿ ಬೆರೆಸಿದರು.

ಏಳು ಗಂಟೆಗೆ ಪಿಳ್ಳಪ್ಪನವರೇ ಮೈಸೂರುಪಾಕಿನ ಡಬ್ಬಿ ಹಿಡಿದು ಬಂದರು. ಮೇಷ್ಟ್ರು ದಡಬಡಿಸಿ ಎದ್ದು ಕೈ ಮುಗಿದರು.

"ಸಾರ್, ಬೆಳಗ್ಗೆ ನನ್ನಿಂದ ತಪ್ಪಾಯ್ತು..."

"ಬುಡಿ ಮೇಷ್ಟ್ರೇ, ಅದೆಂಥ ತಪ್ಪು! ನೀವು ದೇವ್ರು ಬಂದಂಗೆ ಬಂದ್ರಿ." ಪಿಳ್ಳಪ್ಪನವರು ದನಿ ತಗ್ಗಿಸಿದರು. "ನಂಗೇನ್ ಓಗೋಕೆ ಇಷ್ಟ ಇತ್ತು ಅಂದ್ಕೊಂಡ್ರಾ? ಆ ಪಕ್ಷದಾಗೆ ನಂಗೆ ಮರ್ವಾದೆನೇ ಇರ್ಲಿಲ್ಲ. ಸರ್ಕಾರದೋರು ಆರು ತಿಂಗಳಿಂದ ಮಂತ್ರಿ ಮಾಡ್ತೀವಿ ಬಾ ಅಂತಿದ್ರು. ಓಗದೆ ಇರಕ್ಕೆ ಒಂದು ನೆಪ ಬೇಕಿತ್ತು. ಅವ್ವನ ಮುಂದೆ ನೀವು ಎಲ್ಲಿಗೆ ಅಂದ್ರಲ್ಲ, ಒಟ್ಟೆಗೆ ಆಲು ಉಯ್ದಂಗಾಯ್ತು."

"ಹಾಗಾದ್ರೆ ಎಲ್ಲಾ ಒಳ್ಳೇದೇ ಆಯ್ತು ಸಾರ್," ಮೇಷ್ಟ್ರು ಮೈಸೂರುಪಾಕು ಬಾಯಿಗಿಟ್ಟರು.

"ಊಂ ಮತ್ತೆ. ಈಗ ಆ ಪಕ್ಷದೋರು ನನ್ನ ಕಿತ್ತಾಕೋಕೆ ಮುಂಚೆ ನಾನೇ ಎಂಪಿ ಸೀಟಿಗೆ ರಾಜೀನಾಮೆ ಬಿಸಾಕ್ದೆ. ಸರ್ಕಾರ ಉಳಿಸ್ದೋನ ಕಾಗದ ಅಂತ ಸಭಾಧ್ಯಕ್ಷರು ಅರ್ಧ ಗಂಟೇಲಿ ಒಪ್ಕೊಂಡ್ರು. ಇನ್ನ ಸರ್ಕಾರದ ಕಡೆಯಿಂದ ನಿಂತು ಗೆದ್ದು ಬರೋದೊಂದೇ ಬಾಕಿ."

ಮೈಸೂರುಪಾಕು ಮೇಷ್ಟ್ರ ಗಂಟಲಲ್ಲಿ ನಿಂತಿತು. "ನಿಂತು ಅಂದ್ರೆ... ಎಲೆಕ್ಷನ್ನಾ?"

"ಉಪಚುನಾವಣೆ. ದೇಶಕ್ಕೆಲ್ಲಾ ಅಲ್ಲ ಕಣ್ರೀ, ಭಯ ಬೀಳ್ಬೇಡಿ. ನಮ್ಮ ಕ್ಷೇತ್ರಕ್ಕೆ ಮಾತ್ರ."

ಹೊರಗೆ ವಿಜಯ್ ಕುಮಾರ್ ಹಾಡು ಗುನುಗುತ್ತ ಟೆಂಪೋ ಒರೆಸುತ್ತಿದ್ದರು. ಪಿಳ್ಳಪ್ಪನವರು ಗೇಟು ದಾಟುವ ಮೊದಲೇ ಮೇಷ್ಟ್ರ ಫೋನು ಬಡಿದುಕೊಂಡಿತು. ತಹಶೀಲ್ದಾರರು.

"ನಿರಂಜನ ಅವರೇ, ನಿಮಗೆ ಫೋನ್ ಮಾಡೋಕೇ ನಾಚಿಕೆ ಆಗ್ತಿದೆ. ಸೀಟು ಖಾಲಿ ಅಂತ ಮೇಲಿಂದ ಮೆಸೇಜ್ ಬಂದಿದೆ. ಸೋಮವಾರದಿಂದಲೇ ತಯಾರಿ ಶುರುವಾಗ್ಬೇಕಂತೆ. ತರಬೇತಿ ಕೊಡೋರದ್ದೆಲ್ಲಾ ರಜೆ ರದ್ದು. ಕೇದಾರ ಎಲ್ಲಿಗೂ ಓಡ್ಹೋಗಲ್ಲ ಬಿಡಿ."

ಮೇಷ್ಟ್ರು ಫೋನು ಕೆಳಗಿಟ್ಟರು. ಹೆಂಡತಿಯ ಮುಖ ನೋಡುವ ಧೈರ್ಯವಾಗಲಿಲ್ಲ. ವೇದವತಿಗೆ ಅರ್ಧ ಕೇಳಿಸಿತ್ತು.

"ಎಷ್ಟು ಕಡೆ ಎಲೆಕ್ಷನ್ನಂತೆ?"

"ಒಂದೇ ಕಡೆ."

"ಇಡೀ ದೇಶದಲ್ಲಿ?"

"ಇಡೀ ದೇಶದಲ್ಲಿ."

"ಬೆಳಗ್ಗೆ ನೀವು ಸುಮ್ನೆ ಶಾಲೆಗೆ ಹೋಗಿದ್ದಿದ್ರೆ?"

"ಆಗ್ಲೂ ಎಲೆಕ್ಷನ್ ಬರ್ತಿತ್ತು," ಅಂದರು ಮೇಷ್ಟ್ರು ಕ್ಷೀಣವಾಗಿ. "ಆದ್ರೆ ಬೈಸ್ಕೊಳ್ಳೋಕೆ ಬೇರೆ ಯಾರಾದ್ರೂ ಇರ್ತಿದ್ರು."

ವೇದವತಿ ಅಳಲಿಲ್ಲ, ಬೈಯಲೂ ಇಲ್ಲ. ಒಳಗೆ ಹೋಗಿ ಸೂಟ್‌ಕೇಸು ತೆರೆದರು. ಮೇಷ್ಟ್ರ ಸ್ವೆಟರು, ಮಫ್ಲರು, ಮಂಕಿ ಟೋಪಿ ಒಂದೊಂದಾಗಿ ಮಂಚದ ಮೇಲೆ ಬಂದು ಬಿದ್ದವು. ಆ ಜಾಗಕ್ಕೆ ಆಕೆಯ ಇನ್ನೊಂದು ಶಾಲು, ಮಂಡಿಗೆ ಹಚ್ಚುವ ಎಣ್ಣೆ, ಉಳಿದ ಚಟ್ನಿಪುಡಿಯೆಲ್ಲ ಹೋಯಿತು. ಮುಚ್ಚಳ ಹಾಕಿ ಅದರ ಮೇಲೆ ಕೂತು ಚಿಲಕ ಬಿಗಿದರು.

"ವೇದಾ, ಒಬ್ಳೇ ಹೋಗ್ತೀಯಾ? ಅಷ್ಟು ದೂರ?"

"ಹೂಂ," ಅಂದರು ವೇದವತಿ. "ಎಲೆಕ್ಷನ್ ಡ್ಯೂಟಿ ಹಾಕಿರೋದು ನಿಮಗೆ ಕಣ್ರೀ, ನನ್ನ ಮಂಡಿಗಲ್ಲ."