ಕೆಂದಿಯ ಬದಲಿಗೆ ಬರಬೇಕಾಗಿದ್ದ ಫೋನು

ಎಲ್ಲೋ ದೂರದ ದೇಶದಲ್ಲಿ ಯಾರೋ ಒಬ್ಬ ವೇದಿಕೆ ಹತ್ತಿ "ಹೊಸ ಫೋನು ತಂದಿದ್ದೇವೆ" ಅಂತ ಕೈಯೆತ್ತಿ ತೋರಿಸಿದರೆ ಸಾಕು, ನಮ್ಮೂರಲ್ಲಿ ಯಾರಿಗಾದರೂ ಒಬ್ಬರಿಗೆ ಅಂಗೈ ತುರಿಕೆ ಹತ್ತುತ್ತದೆ. ಮಾರಿಹಬ್ಬವಾದರೂ ಒಂದೊಂದು ವರ್ಷ ನಿಲ್ಲುವುದುಂಟು, ಇದು ಮಾತ್ರ ನಿಲ್ಲುವುದಿಲ್ಲ. ಈ ಸಲ ತುರಿಕೆ ಹತ್ತಿದ್ದು ನಮ್ಮ ಮನೆಗೇ, ನನ್ನ ಒಡಹುಟ್ಟಿದ ತಮ್ಮನಿಗೇ.

ಕಟ್ಟೆಮಳಲವಾಡಿಯ ಪಕ್ಕದ ಊರು ನಮ್ಮದು. ಅಣ್ಣತಮ್ಮಂದಿರಿಬ್ಬರೂ ಹೊಗೆಸೊಪ್ಪು ಬೆಳೆಯುವವರು; ಅಂಗಳ ಒಂದೇ, ಒಲೆ ಬೇರೆ. ತಮ್ಮನ ಕೊಟ್ಟಿಗೆಯಲ್ಲಿ ಕೆಂದಿ ಅಂತ ಒಂದು ಹಸು ಇದೆ. ಅದು ಕರುವಾಗಿದ್ದಾಗ ತಮ್ಮನ ಹೆಂಡತಿ ತವರಿನಿಂದ ಹೊಡೆದುಕೊಂಡು ಬಂದದ್ದು. ಹೆಸರಿಟ್ಟವಳು ಅವಳು, ಮೈ ತೊಳೆಯುವವಳು ಅವಳು, ಹಾಲು ಕರೆದು ಡೈರಿಗೆ ಹಾಕುವವಳೂ ಅವಳೇ. ಆ ಕೆಂದಿಯನ್ನು ಮಾರಿ ಈ ಹೊಸ ಫೋನು ತರುತ್ತೇನೆ ಅಂತ ತಮ್ಮ ಹೊರಟ. ಇನ್ನೂ ಅಂಗಡಿಗೇ ಬಾರದ ಫೋನಿನ ಗುಣವೇನು ದೋಷವೇನು ಅಂತ ಊರವರೆಲ್ಲ ಕೂತು ಅಳೆದರು. ಕೆಂದಿಯ ಗುಣವೇನು ಅಂತ ಒಬ್ಬರೂ ಕೇಳಲಿಲ್ಲ.

ಡೈರಿ ಮುಂದೆ

ನಮ್ಮೂರಲ್ಲಿ ಇಂಥ ವಿಚಾರಣೆಯೆಲ್ಲ ನಡೆಯುವುದು ಬೆಳಿಗ್ಗೆ ಹಾಲಿನ ಡೈರಿ ಮುಂದೆ. ಡೈರಿಯ ಕಾರ್ಯದರ್ಶಿ ಅದೇ ಕಂಪನಿಯ ಹೋದ ವರ್ಷದ ಫೋನು ಇಟ್ಟುಕೊಂಡವನು. ಹಾಗಾಗಿ ಹೊಸದರ ವಕಾಲತ್ತು ಅವನದೇ. ಕ್ಯಾನಿನ ಮುಚ್ಚಳದ ಮೇಲೆ ಒಂದು ಕೈ ಇಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನು ಹಿಡಿದು ಓದಿ ಹೇಳಿದ.

"ಚಂದ್ರನ್ನ ಇಲ್ಲೇ ಕೂತು ಫೋಟೊ ಹಿಡೀಬೋದಂತೆ ಕಣ್ರೀ. ಅದರ ಮೇಲಿರೋ ಗುಂಡಿನೂ ಕಾಣ್ತವಂತೆ."

ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತಿಯಾದವರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರು ಹಾಲಿನ ತಂಬಿಗೆ ಕೆಳಗಿಟ್ಟು ಕೇಳಿದರು: "ನಮ್ಮೂರಿಂದ ಹುಣಸೂರಿಗೆ ಓಗೋ ರೋಡಿನ ಗುಂಡಿ ಕಾಣಾಕಿಲ್ವಾ ಅದ್ರಲ್ಲಿ?"

"ಅದಕ್ಕೆ ಫೋನ್ ಯಾಕಣ್ಣ? ಸೊಂಟಕ್ಕೇ ಗೊತ್ತಾಯ್ತದೆ" ಅಂದ ಸಾಲಿನಲ್ಲಿ ಹಿಂದೆ ನಿಂತಿದ್ದವನೊಬ್ಬ.

ಕಾರ್ಯದರ್ಶಿ ಬಿಡಲಿಲ್ಲ. ನೀರಿಗೆ ಬಿದ್ದರೂ ಕೆಡದು, ಕತ್ತಲಲ್ಲೂ ಬೆಳ್ಳಗೆ ಕಾಣಿಸುತ್ತದೆ, ಹೋದ ವರ್ಷದ್ದಕ್ಕಿಂತ ಒಂದು ಕೂದಲಿನಷ್ಟು ತೆಳ್ಳಗಿದೆ ಅಂತೆಲ್ಲ ಹೇಳಿದ. ಒಂದು ಕೂದಲು ತೆಳ್ಳಗಾದದ್ದಕ್ಕೆ ಒಂದು ಹಸು ಕೊಡಬೇಕಂತೆ! ತಮ್ಮ ಬಾಯಿ ತೆರೆದುಕೊಂಡು, ಹರಿಕಥೆಗೆ ಕೂತವನ ಹಾಗೆ ಕೇಳುತ್ತಿದ್ದ. ನಾನು ಅವನು ಮುಗಿಸುವ ತನಕ ಕಾದು, "ಅಲ್ಲಪ್ಪ, ದೋಷ ಅಂತ ಒಂದೂ ಇಲ್ವೇ ಅದರಲ್ಲಿ?" ಅಂತ ಕೇಳಿದೆ.

ಅವನು ದನಿ ತಗ್ಗಿಸಿದ. "ಒಂದದೆ. ಚಾರ್ಜರ್ ಕೊಡಾಕಿಲ್ಲ. ಡಬ್ಬೀಲಿ ಫೋನ್ ಮಾತ್ರ."

ಎಲ್ಲರೂ ಮುಖಮುಖ ನೋಡಿಕೊಂಡರು. ಕಂಡಕ್ಟರು ಮಾತ್ರ ತಲೆದೂಗಿದರು. "ಅದು ಸರಿಯಾಗೇ ಅದೆ ಬುಡು. ಹಸು ಮಾರುವಾಗ ನಾವೂ ಕತ್ತಿನ ಹಗ್ಗ ಬಿಚ್ಚಿಟ್ಕಂಡು ಬರೀ ಹಸು ಕೊಡ್ತೀವಲ್ಲ, ಲಕ್ಷ್ಮಿ ಮನೇಲೇ ಉಳೀಲಿ ಅಂತ. ಅವರ ಕಡೇನೂ ಅದೇ ಶಾಸ್ತ್ರ ಇರಬೇಕು."

"ಉಳಿದವಳೆ ಕಣಣ್ಣ" ಅಂದ ಹಿಂದಿನವನು, "ಪ್ರಪಂಚದ ಲಕ್ಷ್ಮಿಯೆಲ್ಲ ಅವರ ಮನೇಲೇ ಉಳಿದವಳೆ."

ಬೆರಳಿನ ಗುರುತು

ಆಗ ಸೊಪ್ಪು ಮುರಿಯುವ ಕಾಲ. ಹೊಲದಿಂದ ತಂದ ಹಸಿ ಸೊಪ್ಪನ್ನು ಹೆಂಗಸರು ಚಪ್ಪರದಡಿ ಕೂತು ಕಡ್ಡಿಗೆ ಕಟ್ಟುತ್ತಾರೆ. ಆಮೇಲೆ ಅದನ್ನು ಬ್ಯಾರನ್ನಿನೊಳಗೆ, ಅಂದರೆ ಸೊಪ್ಪು ಕಾಯಿಸುವ ಮನೆಯೊಳಗೆ, ಏರಿಸಿ ಬೇಯಿಸುವುದು. ಹೊಗೆಸೊಪ್ಪಿನ ಅಂಟು ಕೈಗೆ ಹತ್ತಿದರೆ ಗೊತ್ತಲ್ಲ, ಡಾಂಬರು ಬಳಿದ ಹಾಗೆ ಕಪ್ಪಾಗುತ್ತದೆ, ಸೋಪು ಹಾಕಿ ಉಜ್ಜಿದರೂ ಜಗ್ಗುವುದಿಲ್ಲ.

ತಮ್ಮ ಸೊಪ್ಪಿನ ಹೊರೆ ಇಳಿಸಿದವನು, ಕಟ್ಟುವ ಹೆಂಗಸರ ಮುಂದೆ ಫೋನಿನ ಮಹಿಮೆ ಶುರುಮಾಡಿದ. ಅವರ ನಡುವೆ ಅವನ ಹೆಂಡತಿಯೂ ತಲೆ ಬಗ್ಗಿಸಿ ಕಟ್ಟುತ್ತಿದ್ದಳು.

"ಹೊಸದರಲ್ಲಿ ಬೆರಳು ಎಲ್ಲಿ ಇಟ್ಟರೂ ಸಾಕು, ಯಜಮಾನ ಯಾರು ಅಂತ ಕಣ್ಮುಚ್ಚಿ ಬಿಡೋದ್ರೊಳಗೆ ತಿಳ್ಕಂಡು ತೆಗೀತದೆ. ಕಳ್ಳ ಮುಟ್ಟಿದ್ರೆ ಜಪ್ಪಯ್ಯ ಅಂದ್ರೂ ತೆಗಿಯಾಕಿಲ್ಲ. ನನ್ನ ಈ ಹಳೇದ್ರಲ್ಲೇ ಅದೆ, ನೋಡಿ ಬೇಕಾದ್ರೆ."

ಜೇಬಿನಿಂದ ತೆಗೆದು ಹೆಬ್ಬೆರಳು ಇಟ್ಟ. ತೆಗೆಯಲಿಲ್ಲ. ಪಂಚೆಗೆ ಒರೆಸಿ ಇಟ್ಟ. ತೆಗೆಯಲಿಲ್ಲ. ಒಂದೊಂದಾಗಿ ಬೆರಳೆಲ್ಲ ಇಟ್ಟು ನೋಡಿದ. ಎಲ್ಲದಕ್ಕೂ ಒಂದೇ ಅಂಟು, ಒಂದೇ ಕಪ್ಪು. ಕೊನೆಗೆ ಫೋನು ಬುರ್‍ರ್ ಅಂತ ನಡುಗಿ, ಇನ್ನು ಸ್ವಲ್ಪ ಹೊತ್ತು ನನ್ನನ್ನು ಮುಟ್ಟಬೇಡ ಅಂತ ಬರೆದು ತೋರಿಸಿತು.

ಒಬ್ಬಾಕೆ ಕೇಳಿದಳು: "ಯಾಕಣ್ಣ, ಕಳ್ಳ ಅಂದ್ಕಂಬುಡ್ತಾ?"

ತಮ್ಮನ ಹೆಂಡತಿ ತಲೆ ಎತ್ತದೆ ಕಡ್ಡಿಗೆ ಗಂಟು ಬಿಗಿದಳು. "ಫೋನು ಕೆಟ್ಟಿಲ್ಲ ಕಣಕ್ಕ, ಸರಿಯಾಗೇ ಅದೆ. ಹೆಂಡ್ತಿ ಹಸು ಹೊಡಕೊಂಡು ಓಗೋನ ಬೆರಳು ಯಾವುದು ಅಂತ ಅದಕ್ಕೂ ತಿಳೀತು."

ದೂರದ್ದು ಹತ್ತಿರ

ನನ್ನ ಬಾಮೈದ ಇರುವುದು ವೀರನಹೊಸಹಳ್ಳಿಯಲ್ಲಿ, ಕಾಡಿನ ಬಾಯಲ್ಲೇ ಹೊಲ. ದೂರದ್ದನ್ನು ಹತ್ತಿರ ತೋರಿಸುವ ಕ್ಯಾಮೆರಾದ ಫೋನು ಅವನ ಹತ್ತಿರವಿದೆ. ಹೊಸದರಲ್ಲಿ ಇದಕ್ಕಿಂತ ದೂರ ಕಾಣುತ್ತದಂತೆ. ಸಾಕ್ಷಿ ಹೇಳಲಿ ಅಂತ ತಮ್ಮನೇ ಅವನನ್ನು ಕರೆಸಿದ. ಬಾಮೈದ ಮಜ್ಜಿಗೆ ಕುಡಿದು, ಲೋಟ ಕೆಳಗಿಟ್ಟು, ನಡೆದದ್ದು ನಡೆದ ಹಾಗೆ ಹೇಳಿದ.

"ಸಾಯಂಕಾಲ ರಾಗಿ ಹೊಲದ ಬದುವಿನ ಮೇಲೆ ನಿಂತಿದ್ದೆ ಬಾವ. ಆನೆ ಕಂದಕದ ಆಚೆ ಒಂದು ಒಂಟಿ ಸಲಗ. ಇಷ್ಟೇ ಇಷ್ಟು ಕಾಣ್ತಿತ್ತು, ಹುಣಸೆ ಬೀಜದಂಗೆ. ಫೋನ್ ಎತ್ತಿ ಬೆರಳಾಡ್ಸಿದೆ. ಅಬ್ಬಾ! ಕಿವಿ ಮೇಲಿರೋ ಮಣ್ಣು ಕೂಡ ಕಾಣ್ತು. ಅಂಗೇ ನೋಡ್ತಾ ನಿಂತ್ಕಂಡೆ."

"ಆಮೇಲೆ?"

"ಆಮೇಲೆ ಅದು ಸ್ವಲ್ಪ ದೊಡ್ಡದಾಯ್ತು. ಜಾಸ್ತಿ ಎಳೆದುಬುಟ್ನೇನೋ ಅಂತ ಕಮ್ಮಿ ಮಾಡ್ದೆ. ಇನ್ನೂ ದೊಡ್ಡದಾಯ್ತು. ಇನ್ನೂ ಕಮ್ಮಿ ಮಾಡ್ದೆ. ನಾನು ಕಮ್ಮಿ ಮಾಡ್ತಾನೇ ಇವ್ನಿ, ಅದು ದೊಡ್ಡದಾಗ್ತಾನೇ ಅದೆ. ಫಾರೆಸ್ಟ್ ಕಾವಲುಗಾರ ಆ ಕಡೆಯಿಂದ ಕೂಗ್ತಾವ್ನೆ, ಅವನೂ ಫೋಟೊ ಕಳಿಸು ಅಂತಾವ್ನೆ ಅಂದ್ಕಂಡೆ. ಕಡೇಗೆ ಗಾಜಿನ ತುಂಬ ಬರೀ ಬೂದಿ ಬಣ್ಣ. ಕೊಳೆ ಕೂತ್ಕತು ಅಂತ ಪಂಚೆ ತುದೀಲಿ ಒರೆಸ್ದೆ ಬಾವ. ಒರೆಸಿದ್ಮೇಲೆ ಆ ಕೊಳೆಗೆ ಒಂದು ಕಣ್ಣಿತ್ತು."

ಮಾದೇಶ್ವರನ ದಯೆ, ಹುಡುಗ ಉಳಿದ. ಪಂಚೆ ಬೇಲಿಗೆ, ಚಪ್ಪಲಿ ಕೆಸರಿಗೆ ಬಿಟ್ಟು ಮನೆ ಸೇರಿದ್ದ. ನಾನು ಮನಸ್ಸಿನಲ್ಲೇ ಕೈ ಮುಗಿದೆ. ತಮ್ಮನಿಗೆ ಅದಾವುದೂ ಕಿವಿಗೆ ಬೀಳಲಿಲ್ಲ. ಕಣ್ಣು ಅರಳಿಸಿ ಕೇಳಿದ: "ಅದಿರ್ಲಿ, ಫೋಟೊ ಎಂಗೆ ಬಂತು?"

"ಕಾಲು ಶಾನೆ ಚೆನ್ನಾಗಿ ಬಂದವೆ" ಅಂದ ಬಾಮೈದ.

"ಆನೇದಾ?"

"ನಂದು. ವಿಡಿಯೊ ಆನಾಗಿತ್ತಲ್ಲ, ಮನೆ ಜಗಲಿವರೆಗೂ ಅವೇ ಓಡ್ತವೆ."

ಹೂವಿನ ಅಪ್ಪಣೆ

ಮನುಷ್ಯರ ಸಾಕ್ಷಿ ನೆಟ್ಟಗಾಗಲಿಲ್ಲವಲ್ಲ, ತಮ್ಮ ದೇವರ ಹತ್ತಿರ ಹೋದ. ಯಾವ ಕೆಲಸಕ್ಕೇ ಆಗಲಿ ಊರಮ್ಮನಲ್ಲಿ ಹೂವಿನ ಅಪ್ಪಣೆ ಕೇಳುವುದು ನಮ್ಮ ವಾಡಿಕೆ. ಪೂಜಾರಪ್ಪ ಅಮ್ಮನ ಮೈಮೇಲೆ ಒದ್ದೆ ಹೂವು ಅಂಟಿಸುತ್ತಾರೆ. ಕೇಳಿಕೊಂಡ ಮೇಲೆ ಬಲಗಡೆಯದು ಬಿದ್ದರೆ ಆಗುತ್ತದೆ, ಎಡಗಡೆಯದು ಬಿದ್ದರೆ ಬೇಡ ಅಂತ. ಹೆಣ್ಣು ತರುವುದಕ್ಕೆ, ಬಾವಿ ತೋಡುವುದಕ್ಕೆ ನಮ್ಮ ಹಿರಿಯರು ಕೇಳಿದ ಅಪ್ಪಣೆ ಅದು. ಇವನು ಹೋಗಿ ಫೋನಿಗೆ ಕೇಳಿದ. ತಡೆಯೋಣ ಅಂತ ನಾನೂ ಹಿಂದೆ ಹೋದೆ. ಹೋಗುವಷ್ಟರಲ್ಲಿ ಮಂಗಳಾರತಿ ಎದ್ದಿತ್ತು. ಆರತಿಯ ಮುಂದೆ ಜಗಳ ಆಡಬಾರದು ಅಂತ ಕೈ ಮುಗಿದು ನಿಂತೆ.

ಪೂಜಾರಪ್ಪ ಗಂಟೆ ಬಾರಿಸಿದರು. ಒಂದು ಗಳಿಗೆಯೂ ಆಗಲಿಲ್ಲ, ಎಡಗಡೆಯ ಹೂವು ತಪ್ಪನೆ ಬಿತ್ತು. ಅಮ್ಮನಿಗೂ ಬೇಜಾರಾಗಿತ್ತೋ ಏನೋ.

ನಾನು ಕೆನ್ನೆ ಬಡಿದುಕೊಂಡೆ. "ಆಯ್ತಲ್ಲಪ್ಪ, ನಡಿ ಮನೆಗೆ."

ತಮ್ಮ ಅಲುಗಲಿಲ್ಲ. "ಪೂಜಾರಪ್ಪ, ಇನ್ನೊಂದು ಸಲ ಹೂವು ಇಡಿ. ನಾನು ಮನಸ್ಸಲ್ಲಿ ಕಪ್ಪು ಬಣ್ಣದ್ದು ನೆನೆಸ್ಕೊಂಡಿದ್ದೆ. ಅಮ್ಮ ಬೇಡ ಅಂದಿದ್ದು ಕಪ್ಪಿಗೆ. ನೀಲಿಗೆ ಏನಂತಾಳೆ ಕೇಳ್ಬುಡಿ."

ಪೂಜಾರಪ್ಪ ಆರತಿ ತಟ್ಟೆ ಅವನ ಕಡೆ ಚಾಚಿದರು. "ತಗಳಪ್ಪ. ಅಮ್ಮ ಹೂವಿಂದ ಹೇಳೋದು ಇಷ್ಟೇಯ. ಬಣ್ಣದ ವಿಚಾರ ಅಂಗಡಿಯೋರನ್ನ ಕೇಳ್ಕೊ."

ಹಣೆ ನುಣ್ಣಗಾದದ್ದು

ನೀಲಿಗೆ ಅಮ್ಮ ಬೇಡ ಅಂದಿಲ್ಲವಲ್ಲ ಅಂತ ತಮ್ಮ ಕೆಂದಿಯನ್ನು ಮಾರಲು ನಿಂತೇಬಿಟ್ಟ. ರಾವಂದೂರಿನ ಕಡೆಯ ರೈತರೊಬ್ಬರು ಒಪ್ಪುವ ಹಾಗಿದ್ದರು. "ಮೊದಲು ಮುಖದ ಫೋಟೊ ಕಳಿಸಿ, ಆಮೇಲೆ ಬರ್ತೀನಿ" ಅಂದರು. ಈಗ ಹೆಣ್ಣು ನೋಡುವುದಕ್ಕೂ ಹಸು ನೋಡುವುದಕ್ಕೂ ಅದೇ ಪದ್ಧತಿಯಾಗಿದೆ.

ತಮ್ಮ ಡೈರಿ ಕಾರ್ಯದರ್ಶಿಯನ್ನು ಫೋನಿನ ಸಮೇತ ಕರೆತಂದ. ತಮ್ಮನ ಹೆಂಡತಿ ಆವತ್ತು ಜಗಳವಾಡಲಿಲ್ಲ. ಎಂದಿನಂತೆ ಕೆಂದಿಯ ಮೈ ತೊಳೆದು, ಹಣೆಗೆ ಕುಂಕುಮವಿಟ್ಟು, ಕತ್ತು ನೀವಿ ಒಳಗೆ ಹೋದಳು. ಕೆಂದಿಯ ಹಣೆಯಲ್ಲಿ ಜೋಡಿ ಸುಳಿಯಿದೆ. ನೆತ್ತಿಯ ಸುಳಿಯ ಹಾಗೆಯೇ ಕೂದಲು ಸುತ್ತಿಕೊಂಡ ಗುರುತು, ಅಕ್ಕಪಕ್ಕ ಎರಡು. ದನ ಕೊಳ್ಳುವವರು ಮೊದಲು ನೋಡುವುದೇ ಸುಳಿ; ಕೆಲವು ಶುಭ, ಕೆಲವು ಕೆಟ್ಟವು. ಶುಭದ ಸುಳಿ ಅಂತ ನಮ್ಮ ತಾಯಿ ಇದ್ದಾಗ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು.

ಕಾರ್ಯದರ್ಶಿ ಹಿಂದೆ ಮುಂದೆ ಓಡಾಡಿ ಫೋಟೊ ಹಿಡಿದ. "ಇದರದ್ದು ಒಂದು ಗುಣ ಅದೆ ಕಣ್ರೀ. ಮುಖದ ಮೇಲಿನ ಕಲೆ, ಮಚ್ಚೆ, ಗೀರು ಎಲ್ಲಾನೂ ತಾನೇ ಅಳಿಸಿ ಚೆಂದ ಮಾಡ್ತದೆ. ಹೊಸದು ಇನ್ನೂ ಚೆನ್ನಾಗಿ ಅಳಿಸ್ತದೆ." ಬಿಸಿಲಲ್ಲಿ ಸರಿಯಾಗಿ ಕಾಣದೆ ನಾವ್ಯಾರೂ ನೋಡಲಿಲ್ಲ. ಫೋಟೊ ರಾವಂದೂರಿಗೆ ಹೋಯಿತು.

ಮಾರನೆಯ ದಿನ ಅವರು ಗೂಡ್ಸ್ ಆಟೊ ಮಾಡಿಕೊಂಡೇ ಬಂದರು. ಕೊಟ್ಟಿಗೆ ಮುಂದೆ ನಿಂತು ಕೆಂದಿಯನ್ನು ನೋಡಿದರು, ಫೋನು ನೋಡಿದರು, ಮತ್ತೆ ಕೆಂದಿಯನ್ನು ನೋಡಿದರು.

"ಈ ಹಸು ಅಲ್ಲ ಕಣ್ರೀ. ಫೋಟೊದಲ್ಲಿರೋದು ತೋರಿಸಿ."

"ಇದೇ ಅದು" ಅಂದ ತಮ್ಮ.

"ಇದೇ ಆದ್ರೆ ಫೋಟೊದಲ್ಲಿ ಈ ಸುಳಿ ಎಲ್ಲೋಯ್ತು?"

ಇಣುಕಿ ನೋಡಿದೆ. ಶಿವಶಿವಾ! ಕಣ್ಣು ಇದ್ದದ್ದಕ್ಕಿಂತ ದೊಡ್ಡದಾಗಿ, ಮೂತಿ ಸಣ್ಣದಾಗಿ, ಹಣೆ ಬಾಳೆಯೆಲೆಯ ಹಾಗೆ ನುಣ್ಣಗಾಗಿ, ಕೆಂದಿ ಆರತಕ್ಷತೆಗೆ ಹೊರಟ ಮದುವಣಗಿತ್ತಿಯ ಹಾಗೆ ನಿಂತಿದ್ದಳು. ಸುಳಿ ಎರಡೂ ಇಲ್ಲ. ಹೋಗಲಿ, ಇಟ್ಟ ಕುಂಕುಮವನ್ನೂ ಕಲೆ ಅಂತ ಒರೆಸಿ ಹಾಕಿತ್ತು. ಕುಂಕುಮ ಯಾವುದು ಕೊಳೆ ಯಾವುದು ತಿಳಿಯದ ಯಂತ್ರಕ್ಕೆ ಬುದ್ಧಿವಂತ ಫೋನು ಅಂತ ಹೆಸರು ಬೇರೆ!

ತಮ್ಮ ತಡವರಿಸಿದ. "ನಾವು ಅಳಿಸಿಲ್ಲ, ಫೋನೇ ಅಳಿಸ್ಬುಡ್ತು."

"ಫೋನಿಗೆ ಸುಳಿಶಾಸ್ತ್ರ ಬತ್ತದಾ? ಯಾರಿಗೆ ಏಳ್ತೀರಿ?"

ನಾನು ಮುಂದೆ ಬಂದು, ಇದು ಶುಭದ ಸುಳಿ, ನಮ್ಮ ತಾಯಿ ಕಣ್ಣಿಗೊತ್ತಿಕೊಳ್ಳುತ್ತಿದ್ದ ಸುಳಿ ಅಂತ ದೇವರ ಆಣೆಯಿಟ್ಟು ಹೇಳಿದೆ.

ಅವರು ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಶುಭದ್ದಾಗಿದ್ರೆ ಅಳಿಸೋರು ಯಾಕೆ ಯಜಮಾನ್ರೆ? ದೊಡ್ಡೋರು ನೀವು, ನೀವೂ ಇದಕ್ಕೆ ಸೇರ್ಕಂಡ್ರಲ್ಲ!"

ಆಟೊ ಖಾಲಿ ಹೋಯಿತು. ಸುದ್ದಿ ತುಂಬಿಕೊಂಡು ಹೋಯಿತು. ಪಿರಿಯಾಪಟ್ಟಣದಿಂದ ಕೆ.ಆರ್.ನಗರದವರೆಗೆ ದನದ ದಲ್ಲಾಳಿಗಳಿಗೆಲ್ಲ ನಮ್ಮ ಮನೆಯ ಗುರುತು ಸಿಕ್ಕಿತು: ಕೆಟ್ಟ ಸುಳಿ ಅಳಿಸಿ ಹಸು ಮಾರುವ ಮನೆ. ತಮ್ಮ ಯಾರಿಗೆ ಫೋನು ಮಾಡಿದರೂ "ಓ, ಆ ಫೋಟೊದ ಹಸುವಾ?" ಅಂತ ನಕ್ಕು ಇಟ್ಟುಬಿಡುತ್ತಿದ್ದರು. ಇನ್ನು ಕೆಂದಿಯನ್ನು ಪುಕ್ಕಟೆ ಕೊಟ್ಟರೂ ಆ ಕಡೆ ಯಾರೂ ಹಗ್ಗ ಹಿಡಿಯುವ ಹಾಗಿಲ್ಲ. ಹೊಸ ಫೋನು ಹುಣಸೂರಿನ ಅಂಗಡಿಗೆ ಬಂದ ದಿನ ತಮ್ಮ ಮಂಕು ಬಡಿದು ಜಗಲಿಯ ಮೇಲೆ ಕೂತಿದ್ದ.

ಅವನ ಹೆಂಡತಿ ಹಾಲು ಕರೆದುಕೊಂಡು ಕೊಟ್ಟಿಗೆಯಿಂದ ಬಂದಳು. ಗಂಡನ ಮುಂದೆ ನಿಂತು, ಬಹಳ ಮರ್ಯಾದೆಯಿಂದಲೇ ಹೇಳಿದಳು:

"ನೋಡೀ, ನಾನು ಸುಮ್ಮನೆ ಬೈಕಂಡೆ, ಆ ಡೈರಿಯೋರ ಫೋನು ಬಲು ಒಳ್ಳೇದು. ಮುಂದೆ ನನ್ನ ಕಿವಿ ಓಲೆ ಮಾರಬೇಕು ಅನ್ನಿಸಿದ್ರೂ ಅದರಲ್ಲೇ ಫೋಟೊ ಹಿಡೀರಿ."