ಸಾಕಮ್ಮನಿಗೆ ಹಸಿರು ಅಂಕ ಸೊನ್ನೆ

ಬಹಳ ಹಿಂದೆ, ಮುರಿದ ಕೊಡೆಯನ್ನು ಜನ ಇನ್ನೂ ರಿಪೇರಿ ಮಾಡಿಸುತ್ತಿದ್ದ ಕಾಲದಲ್ಲಿ, ಪರ್ಣಾವತಿ ಎಂಬ ರಾಜ್ಯವಿತ್ತು. ಅದನ್ನು ಹರಿತಕೇತು ಮಹಾರಾಜರು ಆಳುತ್ತಿದ್ದರು. ಆಳುವುದೆಂದರೆ ಬೆಳಗ್ಗೆ ಪ್ರಶಸ್ತಿ ಘೋಷಿಸುವುದು, ಸಂಜೆ ತಾವೇ ಸ್ವೀಕರಿಸುವುದು.

ಒಂದು ಮಧ್ಯಾಹ್ನ ಪ್ರಭುಗಳಿಗೆ ಸೆಕೆಯಾಯಿತು. ಪರಿಸರ ಅಪಾಯದಲ್ಲಿದೆ ಎಂದು ಕೂಡಲೇ ಡಂಗುರ ಹೊಡೆಸಲಾಯಿತು. ಅರ್ಥಸಚಿವ ಲಾಭಶೀಲರು ಪರಿಹಾರ ಅರುಹಿದರು.

"ಪ್ರಜೆಗಳು ಪರಿಸರಸ್ನೇಹಿ ವಸ್ತುಗಳನ್ನೇ ಕೊಳ್ಳಲಿ ಪ್ರಭು. ಕೊಂಡಷ್ಟೂ ಹಸಿರು ಅಂಕ. ರಸೀದಿ ತೋರಿಸಿದವರೇ ಪರಿಸರಪ್ರೇಮಿಗಳು."

"ತಯಾರಿಸುವವರು ಯಾರು?"

"ನನ್ನ ಭಾವಮೈದುನ. ಬಹಳ ನಿಸ್ವಾರ್ಥಿ."

ಮೂರೇ ತಿಂಗಳಲ್ಲಿ ಮನೆಮನೆಯೂ ಬಿದಿರಿನ ಬ್ರಷ್ಷು, ಬಟ್ಟೆಚೀಲಗಳಿಂದ ತುಂಬಿತು. ಹಳೆಯದನ್ನು ಇಟ್ಟುಕೊಂಡರೆ ಅಂಕ ಕಡಿತವಾದ್ದರಿಂದ ತಾತನ ಕಾಲದ ತಾಮ್ರದ ಬಿಂದಿಗೆಗಳು ತಿಪ್ಪೆ ಸೇರಿದವು.

ಅಂಕಪಟ್ಟಿಯಲ್ಲಿ ಒಬ್ಬಳ ಹೆಸರಿನ ಮುಂದೆ ಮಾತ್ರ ಸೊನ್ನೆ ಇತ್ತು. ಪೇಟೆಬಾಗಿಲಲ್ಲಿ ಕೂತು ಕೊಡೆ ರಿಪೇರಿ ಮಾಡುವ ಸಾಕಮ್ಮ. ಆಕೆಯನ್ನು ಆಸ್ಥಾನಕ್ಕೆ ಕರೆತಂದರು.

"ಏನನ್ನೂ ಕೊಳ್ಳಲಿಲ್ಲವೇಕೆ?" ಎಂದರು ಪ್ರಭುಗಳು.

"ಬೇಕಾಗ್ಲಿಲ್ಲ ಬುದ್ಧಿ. ಹಳೇ ಪಂಚೇಲಿ ಹೊಲ್ಕೊಂಡ ಚೀಲ ಐತೆ. ಹರಿದ್ರೆ ತೇಪೆ ಹಾಕ್ತೀನಿ. ಉಳಿದ ಕಾಸು ಡಬ್ಬಿಗಾಕ್ತೀನಿ. ಹನ್ನೊಂದು ವರ್ಷದಿಂದ ಬಿಸ್ಲಲ್ಲೇ ಕುಂತಿವ್ನಿ, ಒಂದು ತಗಡಿನ ಅಂಗಡಿ ಹಾಕ್ಬೇಕು ಅಂತ ಆಸೆ."

ಲಾಭಶೀಲರು ಬೆಚ್ಚಿಬಿದ್ದರು. "ಉಳಿತಾಯ, ಪ್ರಭು. ಎಲ್ಲರೂ ಹೀಗೆ ಏನೂ ಕೊಳ್ಳದೆ ಕೂತರೆ ಪರಿಸರ ಉಳಿಯುವುದಾದರೂ ಹೇಗೆ?"

"ನೀನು ದಿನಕ್ಕೆ ಎಷ್ಟು ಕಸ ಮಾಡುತ್ತೀ?" ಎಂದು ಪ್ರಭುಗಳು ಸಾಕಮ್ಮನನ್ನು ಕೇಳಿದರು.

"ಮಾಡಾಕಿಲ್ಲ ಬುದ್ಧಿ."

"ನೋಡಿ. ನಮ್ಮ ಮರುಬಳಕೆ ಘಟಕಕ್ಕೆ ಒಂದು ಹಿಡಿ ಕಸದ ಸಹಕಾರವನ್ನೂ ನೀಡಿಲ್ಲ," ಎಂದು ಪ್ರಭುಗಳು ನೊಂದುಕೊಂಡರು.

ತೀರ್ಪಾಯಿತು. ಸಾಕಮ್ಮನ ಡಬ್ಬಿ ಒಡೆದು, ಅದರಲ್ಲಿದ್ದ ಹಣಕ್ಕೆಲ್ಲ ನಾನೂರು ಬಟ್ಟೆಚೀಲ ಕೊಡಿಸಿದರು. ರಿಪೇರಿಯಾದ ಪ್ರತಿಯೊಂದು ಕೊಡೆಯೂ ಹೊಸ ಹಸಿರು ಕೊಡೆಯ ಮಾರಾಟಕ್ಕೆ ಅಡ್ಡಿಯೆಂದು ಆಕೆಯ ಕಸುಬನ್ನೂ ನಿಷೇಧಿಸಿದರು. ಆಕೆ ಒಂದು ಚೀಲ ಎತ್ತಿ ಹೊಲಿಗೆ ಎಳೆದು ನೋಡಿದಳು. ಕೈಯಲ್ಲೇ ಬಿಚ್ಚಿಕೊಂಡಿತು.

"ದಾರ ಗಟ್ಟಿಯಿಲ್ಲ," ಎಂದಳು.

ನಾನೂರು ಚೀಲಗಳ ಬಲದಿಂದ ಸಾಕಮ್ಮ ಪಟ್ಟಿಯ ತುದಿಗೇರಿದಳು. 'ಆದರ್ಶ ಗ್ರಾಹಕಿ' ಎಂದು ವೇದಿಕೆಗೆ ಕರೆದು ಕೂರಿಸಿದರು. ಅದೇ ವೇದಿಕೆಯಲ್ಲಿ ಆಸ್ಥಾನಿಕರು ಹರಿತಕೇತು ಮಹಾರಾಜರಿಗೆ 'ವನಮಿತ್ರ ಚಕ್ರವರ್ತಿ' ಬಿರುದನ್ನಿತ್ತರು. ಬ್ರಷ್ಷುಗಳಿಗಾಗಿ ಕಡಿದು ಮುಗಿದಿದ್ದ ಕಾಡಿನಲ್ಲಿ ಉಳಿದಿದ್ದ ಕೊನೆಯ ಬಿದಿರುಮೆಳೆಯಿಂದ ಹೆಣೆದ ಕಿರೀಟವನ್ನೂ ತೊಡಿಸಿದರು.

ಕಿರೀಟದ ಖರ್ಚನ್ನು ಮನೆಗಿಷ್ಟೆಂದು ಹಂಚಲಾಯಿತು. ಸಾಕಮ್ಮ ತನ್ನ ಸೂಜಿ, ಕತ್ತರಿ, ಇಕ್ಕಳ ಮಾರಿ ತನ್ನ ಪಾಲು ಕಟ್ಟಿದಳು. ಅದಕ್ಕೂ ಐದು ಅಂಕ ಸಿಕ್ಕಿತು.